ಮೈಯೆಲ್ಲ ಆಟ: ಸೆಗಾದ ಎಎಂ2 ವಿಭಾಗ

ಕೇಳುಗರಿಗೆ ನಮಸ್ಕಾರ.

1985ರಲ್ಲಿ ಜಪಾನಿನಲ್ಲಿ ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಅಂಗಡಿಗಳಿಗೆ ಒಂದು ಕೆಂಪು ಬೈಕು ಬಂತು. ನಿಂತಲ್ಲೇ ನಿಂತಿರುವ ಬೈಕು. ಸೀಟಿನ ಮೇಲೆ ಕೂತು, ಎಕ್ಸಿಲರೇಟರ್ ತಿರುಗಿಸಿ, ತಿರುವು ಬಂದಾಗ ಮೈಯನ್ನೇ ಎಡಕ್ಕೋ ಬಲಕ್ಕೋ ವಾಲಿಸಬೇಕು. ನೀವು ವಾಲಿದರೆ ಪರದೆಯೊಳಗಿನ ಸವಾರನೂ ವಾಲುತ್ತಾನೆ. ಆಟದ ಹೆಸರು ಹ್ಯಾಂಗ್ ಆನ್, ಕಂಪನಿ ಸೆಗಾ. ಅಲ್ಲಿಯವರೆಗೆ ಹೆಚ್ಚಾಗಿ ಬೆರಳುಗಳಿಗಷ್ಟೇ ಇದ್ದ ಕೆಲಸ ಈಗ ಸೊಂಟಕ್ಕೂ ಬಂತು.

ಇದನ್ನು ರೂಪಿಸಿದವರು ಯು ಸುಜುಕಿ. ಅವರು ಸೆಗಾ ಸೇರಿದ್ದು 1983ರಲ್ಲಿ. ಅವರ ಸುತ್ತ ಬೆಳೆದ ತಂಡವೇ ಮುಂದೆ ಎಎಂ2 ಎಂದು ಹೆಸರಾಯಿತು. ಎಎಂ ಅಂದರೆ ಅಮ್ಯೂಸ್‌ಮೆಂಟ್ ಮಷಿನ್.

ಆ ಕಾಲದ ಚಿಪ್‌ಗಳಿಗೆ ನಿಜವಾದ ಮೂರು ಆಯಾಮದ ಲೋಕವನ್ನು ಅಷ್ಟು ವೇಗವಾಗಿ ಬಿಡಿಸುವ ಶಕ್ತಿ ಇರಲಿಲ್ಲ. ತಂಡ ಒಂದು ಉಪಾಯ ಹೂಡಿತು. ರಸ್ತೆಬದಿಯ ಮರ ಒಂದು ಚಪ್ಪಟೆ ಚಿತ್ರ, ಅಷ್ಟೇ. ಅದು ದೂರದಲ್ಲಿ ಚುಕ್ಕಿ. ಹತ್ತಿರವಾದಂತೆ ಅದೇ ಚಿತ್ರವನ್ನು ಯಂತ್ರ ಕ್ಷಣಕ್ಷಣಕ್ಕೂ ಹಿಗ್ಗಿಸುತ್ತದೆ. ಆದರೆ ಮರ ಎಲ್ಲಿದೆ, ಎಷ್ಟು ದೂರದಲ್ಲಿದೆ ಎಂಬ ಲೆಕ್ಕ ಮಾತ್ರ ಮೂರು ಆಯಾಮದ್ದೇ. ಈ ವಿಭಾಗದ ಕಥೆಯ ತಿರುಳು ಇಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಯಂತ್ರಕ್ಕೆ ಇನ್ನೂ ಕೈಗೂಡದ್ದನ್ನು ಇವರು ಮನಸ್ಸಿನಲ್ಲಿ ಆಗಲೇ ಕಟ್ಟಿಕೊಂಡಿದ್ದರು.

1986ರ ಔಟ್ ರನ್ ಎಂಬ ಕಾರು ಆಟಕ್ಕಾಗಿ ಸುಜುಕಿ ಯುರೋಪಿನ ರಸ್ತೆಗಳಲ್ಲಿ ಕಾರು ಓಡಿಸಿಕೊಂಡು ಸುತ್ತಿ ಬಂದರು. ಆಟ ಶುರುವಾಗುವ ಮುನ್ನ ಪರದೆಯಲ್ಲಿ ಕಾಣುವುದು ಕಾರಿನ ರೇಡಿಯೋ, ಅದರ ಗುಬುಟಿನ ಮೇಲೊಂದು ಕೈ. ಸ್ಟೀರಿಂಗ್ ತಿರುಗಿಸಿದರೆ ಸ್ಟೇಷನ್ ಬದಲಾಗುತ್ತದೆ. ಹಿರೋಶಿ ಕವಾಗುಚಿ ಸಂಯೋಜಿಸಿದ ಮೂರು ಧಾಟಿಗಳಲ್ಲಿ ಒಂದನ್ನು ಆರಿಸಿಕೊಂಡು ಹೊರಡಬೇಕು. ರೇಡಿಯೋದವನಾದ ನನಗೆ ಇದು ಬಹಳ ಪ್ರೀತಿಯ ಕ್ಷಣ. ಪ್ರತಿ ಹಂತದ ಕೊನೆಗೆ ರಸ್ತೆ ಕವಲೊಡೆಯುತ್ತದೆ. ಐದು ಹಂತ ದಾಟುವ ಹೊತ್ತಿಗೆ ತಲುಪುವ ಊರು ಐದರಲ್ಲಿ ಒಂದು.

1990ರಲ್ಲಿ ಆರ್360 ಬಂತು. ಬೆಲ್ಟು ಬಿಗಿದು ಕೂತ ಆಟಗಾರನನ್ನು ತಲೆಕೆಳಗು ಮಾಡಿ ತಿರುಗಿಸುವ ಯಂತ್ರ!

ಕೊನೆಗೆ ಯಂತ್ರಗಳು ಆ ಮೂರು ಆಯಾಮದ ಲೆಕ್ಕವನ್ನು ಹಿಡಿದೇಬಿಟ್ಟವು. 1992ರ ವರ್ಚುವಾ ರೇಸಿಂಗ್‌ನಲ್ಲಿ ಕಾರು, ಗುಡ್ಡ ಎಲ್ಲವೂ ಬಹುಭುಜಗಳಿಂದ, ಅಂದರೆ ಹಲವು ಮೂಲೆಗಳ ಚಪ್ಪಟೆ ತುಂಡುಗಳನ್ನು ಜೋಡಿಸಿ, ಕಟ್ಟಿದವು. ಒಂದು ಗುಂಡಿ ಒತ್ತಿದರೆ ಸಾಕು, ನೋಡುವ ಕೋನವೇ ಬದಲು. ಮರುವರ್ಷದ ವರ್ಚುವಾ ಫೈಟರ್‌ನಲ್ಲಿ ಮನುಷ್ಯರೇ ಬಂದರು. ಮುಖವೆಲ್ಲ ಮೂಲೆಮೂಲೆ, ಚರ್ಮಕ್ಕೆ ಬಣ್ಣ ಬಿಟ್ಟರೆ ಬೇರೇನಿಲ್ಲ. ಆದರೂ ಹೊಡೆತ ತಿಂದವನು ಬೀಳುವಾಗ ಮೈಗೆ ತೂಕವಿದೆ ಅನ್ನಿಸುತ್ತಿತ್ತು. ಆಡಲು ಒಂದು ಜಾಯ್‌ಸ್ಟಿಕ್, ಮೂರೇ ಗುಂಡಿ: ಗುದ್ದು, ಒದೆ, ತಡೆ. ಇದಾದ ಮೇಲೆ ಅಮೆರಿಕದಲ್ಲಿ ಸೈನಿಕ ಸಿಮ್ಯುಲೇಟರ್‌ಗಳಿಗೆಂದು ಬೆಳೆದ ತಂತ್ರಜ್ಞಾನವನ್ನು ಸೆಗಾ ಪಡೆದುಕೊಂಡಿತು; ಡೇಟೋನಾ ಯುಎಸ್ಎ ಎಂಬ ಕಾರು ಆಟದಲ್ಲಿ ರಸ್ತೆಗೆ, ಗೋಡೆಗೆ ಬರೀ ಬಣ್ಣದ ಬದಲು ಚಿತ್ರ ಹೊದಿಸಿದ ಮೇಲ್ಮೈ ಬಂದದ್ದು ಹಾಗೆ.

2000ದಲ್ಲಿ ಸೆಗಾ ತನ್ನ ವಿಭಾಗಗಳನ್ನು ಬೇರೆಬೇರೆ ಕಂಪನಿಗಳಾಗಿ ಒಡೆಯಿತು. 2004ರಲ್ಲಿ ಎಎಂ2 ಮರಳಿ ತಾಯಿ ಕಂಪನಿಯೊಳಗೆ ಸೇರಿತು.

ಅದಕ್ಕೂ ಮುನ್ನ, 1999ರಲ್ಲಿ, ಇದೇ ತಂಡ ಮನೆಯಲ್ಲಿ ಆಡುವ ಡ್ರೀಮ್‌ಕಾಸ್ಟ್ ಯಂತ್ರಕ್ಕಾಗಿ ಶೆನ್ಮೂ ಎಂಬ ಆಟ ಮಾಡಿತು. ಕಥೆ ನಡೆಯುವುದು 1986ರ ಜಪಾನಿನ ಯೊಕೊಸುಕಾ ಊರಿನಲ್ಲಿ. ಅಪ್ಪನನ್ನು ಕಳೆದುಕೊಂಡ ಹುಡುಗನೊಬ್ಬ ಕೊಂದವನನ್ನು ಹುಡುಕುತ್ತ ಬೀದಿ ಬೀದಿ ಅಲೆಯುತ್ತಾನೆ. ಆ ಊರಿನಲ್ಲೊಂದು ಗೇಮ್ ಅಂಗಡಿ ಇದೆ. ಬಾಗಿಲು ತಳ್ಳಿ ಒಳಗೆ ಹೋದರೆ ಅಲ್ಲೊಂದು ಹ್ಯಾಂಗ್ ಆನ್ ನಿಂತಿದೆ. ನಾಣ್ಯ ಹಾಕಿದರೆ, ಹುಡುಗ ಅದನ್ನು ಆಡಬಹುದು.