ಚೀಸ್ ಗಂಟಾಗದ ಕಾಚೊ ಎ ಪೇಪೆ: ರೋಮ್‌ನ ಪಾಸ್ತಾ ಮನೆಯಲ್ಲೇ, 20 ನಿಮಿಷದಲ್ಲಿ

[ದೃಶ್ಯ: ಮೇಲಿನಿಂದ ತೆಗೆದ ಶಾಟ್. ಅಡುಗೆ ಕಟ್ಟೆಯ ಮೇಲೆ ಒಂದು ಹಿಡಿ ಸ್ಪಗೆಟಿ, ಒಂದು ತುಂಡು ಚೀಸ್, ಬಟ್ಟಲಲ್ಲಿ ಕಾಳುಮೆಣಸು.]

ನಮಸ್ಕಾರ. ಇವತ್ತಿನ ಅಡುಗೆ ಕಾಚೊ ಎ ಪೇಪೆ. ಕಾಚೊ ಅಂದರೆ ಚೀಸ್, ಪೇಪೆ ಅಂದರೆ ಕಾಳುಮೆಣಸು. ರೋಮ್ ಊರಿನ ಪಾಸ್ತಾ ಇದು. ಈರುಳ್ಳಿ ಹೆಚ್ಚುವ ಕೆಲಸ ಇಲ್ಲ, ಟೊಮೇಟೊ ಬಾಡಿಸುವುದಿಲ್ಲ, ಬೆಳ್ಳುಳ್ಳಿಯೂ ಬೇಡ. ನೀರು ಕುದಿಯಲು ಇಟ್ಟಲ್ಲಿಂದ ತಟ್ಟೆಗೆ ಬರುವವರೆಗೆ 20 ನಿಮಿಷ ಸಾಕು.

ಇಷ್ಟು ಸುಲಭ ಅಂದಮೇಲೆ ಇದಕ್ಕೊಂದು ವಿಡಿಯೋ ಯಾಕೆ ಅಂತೀರಾ? ಇದು ಕೆಡುವುದೂ ಅಷ್ಟೇ ಸುಲಭ, ಅದಕ್ಕೆ. ಒಲೆ ಮೇಲಿರುವ ಬಿಸಿ ಪಾಸ್ತಾಗೆ ಚೀಸ್ ಸುರಿದು ಕಲಸಿದರೆ, ಚೀಸೆಲ್ಲ ಒಂದು ಕಡೆ ಮುದ್ದೆಯಾಗಿ ಚಮಚಕ್ಕೆ ಹತ್ತಿಕೊಳ್ಳುತ್ತದೆ. ಬಾಣಲೆಯ ತಳದಲ್ಲಿ ಬೆಳ್ಳಗಿನ ನೀರು ನಿಲ್ಲುತ್ತದೆ. ಹಾಗಾಗದಿರಲಿ ಅಂತ ತುಂಬಾ ಜನ ಬೆಣ್ಣೆ, ಕ್ರೀಮ್ ಹಾಕಿಬಿಡುತ್ತಾರೆ. ಹಾಕಿದರೆ ಗಂಟಾಗುವುದು ಕಮ್ಮಿ, ನಿಜ. ಆದರೆ ಅದು ವೈಟ್ ಸಾಸ್ ಪಾಸ್ತಾದ ದಾರಿ ಹಿಡಿಯುತ್ತದೆ. ಅದೂ ಚೆನ್ನಾಗಿಯೇ ಇರುತ್ತದೆ, ನನ್ನದೇನೂ ತಕರಾರಿಲ್ಲ.

ರೋಮ್‌ನವರದ್ದು ಮಾತ್ರ ತಕರಾರಿದೆ. 2025ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಗುಡ್ ಫುಡ್ ಜಾಲತಾಣದಲ್ಲಿದ್ದ ಕಾಚೊ ಎ ಪೇಪೆ ರೆಸಿಪಿಯಲ್ಲಿ ಬೆಣ್ಣೆ, ಪಾರ್ಮೆಸಾನ್ ಅನ್ನುವ ಬೇರೆ ಚೀಸ್ ಇದೆ ಅಂತ ರೋಮ್‌ನ ಹೋಟೆಲಿನವರ ಸಂಘ ಸಿಟ್ಟಿಗೆದ್ದಿತು. ಜಾಲತಾಣದ ಮಾಲೀಕರಿಗೆ ಅಷ್ಟೇ ಅಲ್ಲ, ಬ್ರಿಟಿಷ್ ರಾಯಭಾರಿಗೂ ಪತ್ರ ಹೋಯಿತು. ಒಂದು ಚಮಚ ಬೆಣ್ಣೆಗೆ ರಾಯಭಾರಿಯವರೆಗೆ ದೂರು!

[ದೃಶ್ಯ: ನಾಲ್ಕು ತಟ್ಟೆ ಪಾಸ್ತಾ ಪಕ್ಕಪಕ್ಕದಲ್ಲಿ.]

ರೋಮ್‌ನಲ್ಲಿ ನಾಲ್ಕು ಪಾಸ್ತಾ ಹೆಸರುವಾಸಿ. ಕಾಚೊ ಎ ಪೇಪೆ, ಗ್ರಿಚಾ, ಕಾರ್ಬೊನಾರಾ, ಅಮಾತ್ರಿಚಾನಾ. ಉಳಿದ ಮೂರಕ್ಕೂ ಉಪ್ಪು ಹಚ್ಚಿ ಒಣಗಿಸಿದ ಹಂದಿ ಮಾಂಸ ಬೀಳುತ್ತದೆ. ಮಾಂಸ ಇಲ್ಲದ್ದು ಇದೊಂದೇ. ಕುರಿ ಮೇಯಿಸಲು ಬೆಟ್ಟಕ್ಕೆ ಹೋಗುತ್ತಿದ್ದ ಕುರಿಗಾಹಿಗಳು ಕೆಡದಂಥ ಬುತ್ತಿ ಅಂತ ಒಣ ಪಾಸ್ತಾ, ಹಳೇ ಚೀಸ್, ಮೆಣಸು ಕಟ್ಟಿಕೊಂಡು ಹೋಗುತ್ತಿದ್ದರು, ಅದರಿಂದ ಹುಟ್ಟಿದ್ದು ಈ ಅಡುಗೆ ಅಂತ ಅಲ್ಲಿ ಕಥೆ ಹೇಳುತ್ತಾರೆ. ಕಥೆ ಚೆಂದ. ಬಡ ಕುರಿಗಾಹಿಯ ಚೀಲದಲ್ಲಿ ಅಷ್ಟೊಂದು ಮೆಣಸು ಇರುತ್ತಿತ್ತಾ ಅನ್ನುವುದು ನನ್ನ ಅನುಮಾನ.

ಯಾಕಂದರೆ ಮೆಣಸು ಹೋಗುತ್ತಿದ್ದುದು ನಮ್ಮ ಪಡುವಣ ಕರಾವಳಿಯಿಂದ. ಅದೂ ನಿನ್ನೆ ಮೊನ್ನೆಯ ವ್ಯಾಪಾರ ಅಲ್ಲ. 1ನೇ ಶತಮಾನದ ಕೊನೆಗೇ ಡೊಮಿಷಿಯನ್ ಚಕ್ರವರ್ತಿ ರೋಮ್ ನಗರದ ನಡುವೆ ಮೆಣಸಿಗೆಂದೇ ಉಗ್ರಾಣ ಕಟ್ಟಿಸಿದ್ದ. ಇನ್ನೊಂದು ನೋಡಿ. ಪಿಯೆತ್ರೊ ದೆಲ್ಲಾ ವಾಲೆ ಅಂತ ಒಬ್ಬ ಪ್ರವಾಸಿ, ರೋಮ್‌ನಲ್ಲೇ ಹುಟ್ಟಿದವನು. 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆ ಹಾದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆಯುತ್ತಿದ್ದರು ಅಂತ ಬರೆದಿಟ್ಟಿದ್ದಾನೆ. ಆದ್ದರಿಂದ ಈ ಅಡುಗೆಗೆ ವಿದೇಶಿ ಮೆಣಸಿನ ಪುಡಿಯ ಡಬ್ಬಿ ಬೇಕಿಲ್ಲ. ಶಿರಸಿಯದೋ ಕೊಡಗಿನದೋ ಒಳ್ಳೆಯ ಕಾಳು ಸಿಕ್ಕರೆ ಅದೇ ಮೇಲು.

[ದೃಶ್ಯ: ಸಾಮಾನು ಒಂದೊಂದಾಗಿ. ತೆರೆಯ ಮೇಲೆ ಅಳತೆ.]

ಈಗ ಸಾಮಾನು. ಇಬ್ಬರಿಗೆ ಅಳತೆ ಹೇಳುತ್ತೇನೆ. ಸ್ಪಗೆಟಿ 200 ಗ್ರಾಂ, ಚೀಸ್ 100 ಗ್ರಾಂ, ಕಾಳುಮೆಣಸು ಎರಡು ಟೀ ಚಮಚ. ಜೊತೆಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್. ಇದೊಂದು ಮೂಲ ರೆಸಿಪಿಯಲ್ಲಿಲ್ಲ. ಯಾಕೆ ಬೇಕು ಅಂತ ಆಮೇಲೆ ಹೇಳುತ್ತೇನೆ.

ಸ್ಪಗೆಟಿ ಪ್ಯಾಕೆಟ್ ಮೇಲೆ ಡ್ಯೂರಮ್ ಗೋಧಿ ಅಂತ ಇರಬೇಕು. ಮೈದಾ ಪಾಸ್ತಾ ಬೇಡ, ಬೇಗ ಮೆತ್ತಗಾಗಿ ಮುರಿಯುತ್ತದೆ. ರೋಮ್‌ನಲ್ಲಿ ಟೊನ್ನಾರೆಲ್ಲಿ ಅನ್ನುವ ದಪ್ಪ ಎಳೆಯ ಪಾಸ್ತಾ ಹಾಕುತ್ತಾರೆ. ನಮಗೆ ಸ್ಪಗೆಟಿ ಸಾಕು. ಮೈ ನುಣುಪಾಗಿ ಹೊಳೆಯುವ ಎಳೆಗಿಂತ, ಹಿಟ್ಟು ಉದುರಿಸಿದ ಹಾಗೆ ಮಂಕಾಗಿ, ಸ್ವಲ್ಪ ತರಿತರಿಯಾಗಿ ಕಾಣುವ ಎಳೆ ಒಳ್ಳೆಯದು. ಸಾಸ್ ಅದಕ್ಕೆ ಚೆನ್ನಾಗಿ ಹತ್ತುತ್ತದೆ.

ಚೀಸ್ ವಿಷಯಕ್ಕೆ ಸ್ವಲ್ಪ ನಿಲ್ಲೋಣ. ಇಲ್ಲಿ ಬೇಕಾದದ್ದು ಪೆಕೊರಿನೊ ರೊಮಾನೊ. ಕುರಿ ಹಾಲಿನದು, ಗಟ್ಟಿ, ಉಪ್ಪುಪ್ಪು, ಸ್ವಲ್ಪ ಘಾಟು. ಹೆಸರಲ್ಲಿ ರೋಮ್ ಇದ್ದರೂ ಈಗ ಹೆಚ್ಚಿನದು ತಯಾರಾಗುವುದು ಸಾರ್ಡೀನಿಯ ದ್ವೀಪದಲ್ಲಿ. ತುರಿಯಲು ಬಳಸುವ ಚೀಸನ್ನು ಕನಿಷ್ಠ 8 ತಿಂಗಳು ಇಟ್ಟು ಹಣ್ಣು ಮಾಡಿರುತ್ತಾರೆ.

ಸಸ್ಯಾಹಾರಿಗಳು ಇಲ್ಲಿ ಗಮನ ಕೊಡಿ. ಸಾಂಪ್ರದಾಯಿಕ ಪೆಕೊರಿನೊ ರೊಮಾನೊ ಮಾಡಲು ಹಾಲು ಒಡೆಯುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇಟಲಿಯ ಅಸಲಿ ಪಾರ್ಮೆಸಾನ್‌ಗೂ ಕರುವಿನ ರೆನೆಟ್ ಬೇಕು. ಹಾಗಾಗಿ ಮಾಂಸ ಇಲ್ಲ ಅಂದ ಮಾತ್ರಕ್ಕೆ ಇದು ನೀವು ಅಂದುಕೊಂಡ ಅರ್ಥದಲ್ಲಿ ಸಸ್ಯಾಹಾರ ಆಗುವುದಿಲ್ಲ. ಪ್ಯಾಕೆಟ್ ತಿರುಗಿಸಿ ಹಸಿರು ಚುಕ್ಕಿ ಇದೆಯಾ ನೋಡಿ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಬಳಸಿದ, ಪಾರ್ಮೆಸಾನ್ ಮಾದರಿಯ ಗಟ್ಟಿ ಚೀಸ್ ದೊಡ್ಡ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಸುವಿನ ಹಾಲಿನದಾದ್ದರಿಂದ ಘಾಟು ಕಮ್ಮಿ, ಉಪ್ಪೂ ಕಮ್ಮಿ. ಆದರೂ ಅಡುಗೆ ಕೂಡುತ್ತದೆ.

ಮೊಝರೆಲ್ಲಾ ಬೇಡ, ಎಳೆ ಎಳೆಯಾಗಿ ಜಗ್ಗುತ್ತದೆ. ಮೊದಲೇ ತುರಿದು ಡಬ್ಬಿಯಲ್ಲಿ ಮಾರುವ ಪುಡಿಯೂ ಬೇಡ. ಒಂದಕ್ಕೊಂದು ಅಂಟದಿರಲಿ ಅಂತ ಅದಕ್ಕೆ ಬೇರೆ ಪುಡಿ ಸೇರಿಸಿರುತ್ತಾರೆ, ಸರಿಯಾಗಿ ಕರಗುವುದಿಲ್ಲ. ಸ್ಯಾಂಡ್‌ವಿಚ್‌ಗೆ ಹಾಕುವ ಪ್ರಾಸೆಸ್ಡ್ ಚೀಸ್ ಹಾಕಿದರೆ ಗಂಟೇನೋ ಆಗುವುದಿಲ್ಲ, ಕಂಪನಿಯವರೇ ಅದಕ್ಕೆ ಬೇಕಾದ ಲವಣ ಹಾಕಿರುತ್ತಾರೆ. ಆದರೆ ರುಚಿ ಸ್ಯಾಂಡ್‌ವಿಚ್ಚಿನದೇ.

[ದೃಶ್ಯ: ಗಾಜಿನ ಬಟ್ಟಲಲ್ಲಿ ಬಿಸಿ ನೀರಿಗೆ ಚೀಸ್ ತುರಿ ಹಾಕುವುದು. ಮುದ್ದೆ ಕಟ್ಟುವುದು ಹತ್ತಿರದಿಂದ.]

ಚೀಸ್ ಗಂಟಾಗುವುದು ಯಾಕೆ? ಚೀಸ್‌ನಲ್ಲಿ ಕೊಬ್ಬು, ನೀರು, ಪ್ರೋಟೀನ್ ಮೂರೂ ಇವೆ. ಬಿಸಿ ಸುಮಾರು 65 ಡಿಗ್ರಿ ದಾಟಿತು ಅಂದರೆ ಪ್ರೋಟೀನುಗಳು ಒಂದನ್ನೊಂದು ಹಿಡಿದುಕೊಂಡು ಗಂಟಾಗುತ್ತವೆ. ಕೊಬ್ಬು, ನೀರು ಬೇರೆಯಾಗುತ್ತವೆ. ನಡುವೆ ಗಂಜಿ, ಅಂದರೆ ಪಿಷ್ಟ ಇದ್ದರೆ ಅವು ಅಷ್ಟು ಸುಲಭಕ್ಕೆ ಹತ್ತಿರ ಬರುವುದಿಲ್ಲ. ನಾವು ಮಜ್ಜಿಗೆ ಹುಳಿಗೆ ಅಕ್ಕಿ, ಕಡಲೆಬೇಳೆ ನೆನೆಸಿ ರುಬ್ಬಿ ಹಾಕುತ್ತೇವಲ್ವಾ, ಮಜ್ಜಿಗೆ ಒಡೆಯದಿರಲಿ ಅಂತ? ಇಲ್ಲಿ ಆ ಕೆಲಸ ಪಾಸ್ತಾ ಬೇಯಿಸಿದ ನೀರಿನದು.

ತೊಂದರೆ ಏನೆಂದರೆ, ಮನೆಯಲ್ಲಿ ಒಂದು ಸಲ ಬೇಯಿಸಿದ ನೀರಿನಲ್ಲಿ ಎಷ್ಟು ಗಂಜಿ ಇಳಿದಿದೆ ಅಂತ ಗೊತ್ತಾಗುವುದಿಲ್ಲ. ಹೋಟೆಲಿನಲ್ಲಿ ಅದೇ ನೀರಲ್ಲಿ ಬೆಳಗಿನಿಂದ ಪಾಸ್ತಾ ಬೇಯುತ್ತಿರುತ್ತದೆ, ನೀರು ಮಂದವಾಗಿರುತ್ತದೆ. ಇಟಲಿಯ ಕೆಲವು ಭೌತವಿಜ್ಞಾನಿಗಳು ಇದನ್ನೇ ಹಿಡಿದು ಪ್ರಯೋಗ ಮಾಡಿದರು. ಚೀಸ್‌ನ ತೂಕದಲ್ಲಿ ಶೇಕಡಾ 1ಕ್ಕಿಂತ ಕಮ್ಮಿ ಪಿಷ್ಟ ಇದ್ದರೆ ಸಾಸ್ ಒಡೆಯುತ್ತದೆ. 2ರಿಂದ 3 ಇದ್ದರೆ ನಯವಾಗಿ ನಿಲ್ಲುತ್ತದೆ. 4 ದಾಟಿದರೆ ತಣ್ಣಗಾದಾಗ ಬಿರುಸಾಗುತ್ತದೆ. ಈ ಕೆಲಸಕ್ಕೆ ಅವರಿಗೆ 2025ರ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ನಮ್ಮ 100 ಗ್ರಾಂ ಚೀಸ್‌ಗೆ ಎರಡೂವರೆ ಗ್ರಾಂ ಪಿಷ್ಟ ಬೇಕು. ಮಟ್ಟಸವಾಗಿ ತೆಗೆದ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಹೆಚ್ಚುಕಮ್ಮಿ ಅಷ್ಟೇ ತೂಗುತ್ತದೆ.

[ದೃಶ್ಯ: ಒಲೆ. ಒಂದು ಕಡೆ ಅಗಲ ಪಾತ್ರೆಯಲ್ಲಿ ನೀರು, ಇನ್ನೊಂದು ಕಡೆ ಬಾಣಲೆ.]

ಸರಿ, ಒಲೆ ಹಚ್ಚೋಣ. ಅಗಲ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಇಡಿ. ಕುದಿ ಬಂದ ಮೇಲೆ ಒಂದೂವರೆ ಟೀ ಚಮಚ ಉಪ್ಪು. ಬೇರೆ ಪಾಸ್ತಾಗೆ ಹಾಕುವುದಕ್ಕಿಂತ ಕಮ್ಮಿ, ಯಾಕಂದರೆ ಚೀಸ್‌ನಲ್ಲೇ ಬೇಕಾದಷ್ಟು ಉಪ್ಪಿದೆ. ಸ್ಪಗೆಟಿ ಮುರಿಯದೆ ಹಾಗೇ ಹಾಕಿ, ಮೆತ್ತಗಾಗುತ್ತಾ ತಾನೇ ಒಳಗೆ ಇಳಿಯುತ್ತದೆ. ಎಣ್ಣೆ ಹಾಕಬೇಡಿ.

ನೀರು ಕಾಯುವ ಹೊತ್ತಿಗೆ ಮೆಣಸು. ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಳು ಆಡಿಸುತ್ತಾ ಹುರಿಯಿರಿ. ಒಂದೆರಡು ನಿಮಿಷಕ್ಕೆ ಕಾಳು ಒಂಚೂರು ಉಬ್ಬಿ, ಮೂಗಿಗೆ ಘಮ್ ಅಂತ ಹೊಡೆಯುತ್ತದೆ. ಹೊಗೆ ಬರುವ ಮೊದಲೇ ತೆಗೆದು ಕುಟ್ಟಾಣಿಗೆ ಹಾಕಿ. ನಾಲ್ಕು ಸಲ ಕುಟ್ಟಿ ನೋಡಿ: ಕೆಲವು ಕಾಳು ಎರಡು ಹೋಳು, ಕೆಲವು ತರಿ, ತಳದಲ್ಲಿ ಸ್ವಲ್ಪ ಪುಡಿ. ಹಾಗೇ ಇರಲಿ. ಮಿಕ್ಸಿಗೆ ಹಾಕಿದರೆ ಎಲ್ಲಾ ನುಣ್ಣಗಾಗಿ ಖಾರ ಮಾತ್ರ ಉಳಿಯುತ್ತದೆ, ಬಾಯಿಗೆ ಸಿಕ್ಕಾಗ ಪಟ್ ಅನ್ನುವ ಆ ಪರಿಮಳ ಸಿಗುವುದಿಲ್ಲ.

ಈಗ ಕಾರ್ನ್‌ಫ್ಲೋರ್. ಚಿಕ್ಕ ಪಾತ್ರೆಯಲ್ಲಿ 25 ಎಂಎಲ್ ತಣ್ಣೀರಿಗೆ ಹಾಕಿ ಗಂಟಿಲ್ಲದೆ ಕದಡಿ, ಸಣ್ಣ ಉರಿಗಿಡಿ. ಕೈ ಬಿಡದೆ ತಿರುವಿ. ಮೊದಲು ಹಾಲಿನ ಬಣ್ಣ ಇರುತ್ತದೆ, ಅರ್ಧ ನಿಮಿಷದಲ್ಲಿ ಮಂದವಾಗಿ ಬಣ್ಣ ತಿಳಿಯಾಗುತ್ತದೆ. ಉರಿ ಆರಿಸಿ, ಮೇಲೆ 50 ಎಂಎಲ್ ತಣ್ಣೀರು ಹಾಕಿ ಆರಲು ಬಿಡಿ. ನುಣ್ಣಗೆ ತುರಿದ ಚೀಸ್ ಹಾಕಿ ಮಿಕ್ಸಿಯ ಚಿಕ್ಕ ಜಾರಿನಲ್ಲಿ ಎರಡು ಸುತ್ತು ತಿರುಗಿಸಿ. ದೋಸೆ ಹಿಟ್ಟಿನ ಹದಕ್ಕೆ ಬಂದರೆ ಸರಿ.

[ದೃಶ್ಯ: ಬಾಣಲೆ ಹತ್ತಿರದಿಂದ. ಹಿನ್ನೆಲೆ ಸಂಗೀತ ನಿಲ್ಲಿಸಿ, ಚುರ್ ಅನ್ನುವ ಸದ್ದು ಮಾತ್ರ.]

ಕುಟ್ಟಿದ ಮೆಣಸಿನ ಮುಕ್ಕಾಲು ಪಾಲು ಬಾಣಲೆಗೆ ಹಾಕಿ, ಪಾಸ್ತಾ ನೀರು ಎರಡು ಸೌಟು ಸುರಿಯಿರಿ. ಕುದಿಯಲಿ. ನೀರಿಗೆ ಮೆಣಸಿನ ಬಣ್ಣ ಬರುತ್ತದೆ. ಪ್ಯಾಕೆಟ್ ಮೇಲೆ 10 ನಿಮಿಷ ಬೇಯಿಸಿ ಅಂತ ಇದ್ದರೆ 8ಕ್ಕೇ ಸ್ಪಗೆಟಿ ಎತ್ತಿ ಇದಕ್ಕೆ ಹಾಕಿ. ಒಂದು ಎಳೆ ಕಚ್ಚಿ ನೋಡಿ, ನಡುವೆ ಸೂಜಿ ಮೊನೆಯಷ್ಟು ಬಿಳಿ ಚುಕ್ಕಿ ಇರಬೇಕು. ಉಳಿದ ಬೇಯುವಿಕೆ ಇಲ್ಲೇ ಆಗಲಿ. ಇಕ್ಕಳದಲ್ಲಿ ಮಗುಚುತ್ತಾ ಇರಿ. ಎರಡು ನಿಮಿಷದಲ್ಲಿ ನೀರು ಇಂಗಿ, ತಳದಲ್ಲಿ ಎರಡು ಚಮಚದಷ್ಟು ಉಳಿಯುತ್ತದೆ. ಪಾತ್ರೆಯ ನೀರು ಚೆಲ್ಲಬೇಡಿ, ಒಂದು ಲೋಟ ಎತ್ತಿಡಿ.

ಈಗ ಉರಿ ಆರಿಸಿ. ಸಣ್ಣ ಮಾಡುವುದಲ್ಲ, ಪೂರ್ತಿ ಆರಿಸಿ. ಬಾಣಲೆಯನ್ನು ಒಲೆಯಿಂದಲೇ ಕೆಳಗಿಳಿಸಿ. ದಪ್ಪ ತಳದ ಬಾಣಲೆಯಾದರೆ ಒಂದು ನಿಮಿಷ ಕಾಯಿರಿ, ಅದರೊಳಗಿನ ಬಿಸಿ ಬೇಗ ಇಳಿಯುವುದಿಲ್ಲ. ಹಬೆ ಭರ್ರನೆ ಏಳುವುದು ನಿಂತು ನಿಧಾನವಾದಾಗ ಚೀಸ್ ಮಿಶ್ರಣ ಸುರಿದು ಒಂದೇ ಸಮನೆ ಕಲಸಿ. ಮೊದಲ ಹತ್ತು ಸೆಕೆಂಡು ತೀರಾ ನೀರಾಯಿತು ಅನ್ನಿಸುತ್ತದೆ. ಗಾಬರಿ ಬೇಡ. ಕಲಸುತ್ತಾ ಹೋದ ಹಾಗೆ ಎಳೆಎಳೆಗೂ ಕೆನೆ ಹತ್ತಿ, ಬಾಣಲೆ ಅಲ್ಲಾಡಿಸಿದರೆ ಪಿಚಪಿಚ ಸದ್ದು ಬರುತ್ತದೆ. ರೋಮ್‌ನ ಅಡುಗೆಯವರು ಕಿವಿಗೊಡುವುದೇ ಈ ಸದ್ದಿಗೆ. ಗಟ್ಟಿ ಅನ್ನಿಸಿದರೆ ಎತ್ತಿಟ್ಟ ನೀರು ಚಮಚ ಚಮಚವಾಗಿ ಸೇರಿಸಿ.

ತಟ್ಟೆಗೆ ಹಾಕಿ, ಉಳಿದ ಮೆಣಸು ಉದುರಿಸಿ. ತಟ್ಟೆಯನ್ನು ಮೊದಲೇ ಬಿಸಿ ನೀರಲ್ಲಿ ಅದ್ದಿ ಒರೆಸಿಟ್ಟಿದ್ದರೆ ಇನ್ನೂ ಒಳ್ಳೆಯದು. ಕೊತ್ತಂಬರಿ, ಒರೆಗಾನೊ, ಚಿಲ್ಲಿ ಫ್ಲೇಕ್ಸ್ ಯಾವುದೂ ಬೇಡ ಅಂತ ನನ್ನ ಅಭಿಪ್ರಾಯ. ಮೆಣಸಿನ ಜೊತೆ ಅವು ಜಗಳಕ್ಕೆ ನಿಲ್ಲುತ್ತವೆ.

[ದೃಶ್ಯ: ಒಡೆದ ಸಾಸ್ ಇರುವ ಬಾಣಲೆ. ಪಕ್ಕದಲ್ಲಿ ಮಿಕ್ಸಿ ಜಾರು.]

ಇಷ್ಟಾದರೂ ಒಡೆಯಿತಾ? ಸ್ಪಗೆಟಿಯನ್ನು ಬೇರೆ ಪಾತ್ರೆಗೆ ಎತ್ತಿ. ಬಾಣಲೆಯಲ್ಲಿ ಉಳಿದ ಮುದ್ದೆ, ನೀರು ಎರಡನ್ನೂ ಬಿಸಿ ಇಳಿದ ಮೇಲೆ ಮಿಕ್ಸಿಗೆ ಹಾಕಿ, ಎರಡು ಚಮಚ ಉಗುರುಬೆಚ್ಚಗಿನ ಪಾಸ್ತಾ ನೀರು ಬಿಟ್ಟು ತಿರುಗಿಸಿ. ತೀರಾ ರಬ್ಬರಿನಂತೆ ಆಗಿಲ್ಲದಿದ್ದರೆ ಮತ್ತೆ ಕೂಡಿಕೊಳ್ಳುತ್ತದೆ.

ನಾಲ್ಕು ಜನಕ್ಕೆ ಮಾಡುವುದಾದರೆ ಚೀಸ್ ಮಿಶ್ರಣ ಒಟ್ಟಿಗೆ ಮಾಡಿಕೊಳ್ಳಿ. 200 ಗ್ರಾಂ ಚೀಸ್, ಎರಡು ಚಮಚ ಕಾರ್ನ್‌ಫ್ಲೋರ್, ನೀರೂ ಎರಡರಷ್ಟು. ಪಾಸ್ತಾ ಮಾತ್ರ ಎರಡು ಸಲಕ್ಕೆ ಕಲಸಿ. 400 ಗ್ರಾಂ ಸ್ಪಗೆಟಿ ಮನೆಯ ಬಾಣಲೆಯಲ್ಲಿ ತಿರುವಲು ಆಗುವುದಿಲ್ಲ, ಅರ್ಧ ಕಟ್ಟೆ ಮೇಲೆ ಬೀಳುತ್ತದೆ. ಚಿಕ್ಕ ಮಕ್ಕಳಿದ್ದರೆ ಬಾಣಲೆಗೆ ಹಾಕುವ ಮೆಣಸು ಕಮ್ಮಿ ಮಾಡಿ, ದೊಡ್ಡವರು ತಟ್ಟೆಯಲ್ಲೇ ಮೇಲೆ ಹಾಕಿಕೊಳ್ಳಲಿ. ಮೊದಲ ಎರಡು ತಟ್ಟೆ ಯಾರಿಗೆ ಹೋಗುತ್ತದೋ ಅವರು ಉಳಿದವರಿಗೆ ಕಾಯದೆ ತಿಂದುಬಿಡಲಿ.