ಹನ್ನೊಂದನೆಯ ವಚನಕ್ಕೆ ಮೊದಲು ಹತ್ತನೆಯದು

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಬರುವಾಗ ಕೈಗೊಂದು ವಾಗ್ದಾನದ ಕಾರ್ಡ್ ಸಿಗುತ್ತದಲ್ಲ, ಅದರಲ್ಲಿ ಬೈಬಲಿನ ಯೆರೆಮೀಯ 29:11 ಬಂದಿದ್ದರೆ ಎಲ್ಲಿಲ್ಲದ ಖುಷಿ. ದೇವರು ನಮ್ಮ ಬಗ್ಗೆ ಮಾಡುವ ಆಲೋಚನೆ ಕೇಡಿನದಲ್ಲ, ಹಿತದ್ದು. ಅದನ್ನು ಫ್ರಿಜ್ ಮೇಲೆ ಅಂಟಿಸುತ್ತೇವೆ, ಸ್ಟೇಟಸ್‌ಗೆ ಹಾಕುತ್ತೇವೆ, ಪಿಯುಸಿ ಪರೀಕ್ಷೆಗೆ ಹೊರಟ ಮಗಳ ತಲೆ ಮೇಲೆ ಕೈಯಿಟ್ಟು ಹೇಳುತ್ತೇವೆ. ಹೇಳಲಿ, ತಪ್ಪಿಲ್ಲ. ಆದರೆ ಅದರ ಹಿಂದಿನ ವಚನವನ್ನು ಕಾರ್ಡಿಗೆ ಹಾಕಿದವರನ್ನು ಹುಡುಕಿ ನೋಡಿ. ಅದರಲ್ಲಿ ಒಂದು ಅಂಕಿ ಇದೆ: ಬಾಬೆಲಿಗೆ (ಬ್ಯಾಬಿಲೋನಿಗೆ) 70 ವರ್ಷ ತುಂಬಿದ ಮೇಲೆಯೇ ಸೆರೆಹೋದವರನ್ನು ಊರಿಗೆ ಮರಳಿಸುತ್ತೇನೆ ಎಂಬ ಮಾತು.

ಹತ್ತನ್ನು ಬಿಟ್ಟು ಹನ್ನೊಂದನ್ನಷ್ಟೇ ನಂಬುವವರು ನಂಬುತ್ತಿರುವುದು ಪ್ರವಾದಿ ಯೆರೆಮೀಯನನ್ನಲ್ಲ, ಹನನ್ಯನನ್ನು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಯಾರು ಈ ಹನನ್ಯ? ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆಹೂದದ ರಾಜಧಾನಿ ಯೆರೂಸಲೇಮನ್ನು ಹಿಡಿದು ಅಲ್ಲಿನ ಅರಸ, ರಾಜಮಾತೆ, ಅಧಿಕಾರಿಗಳು, ಕಮ್ಮಾರರು, ಕುಶಲಕರ್ಮಿಗಳನ್ನೆಲ್ಲ ಬಾಬೆಲಿಗೆ ಸೆರೆ ಒಯ್ದ. ಎರಡನೆಯ ಅರಸುಗಳ ಪುಸ್ತಕ ಕೊಡುವ ಲೆಕ್ಕ 10,000. ಮೂರ್ನಾಲ್ಕು ವರ್ಷ ಕಳೆದ ಮೇಲೆ ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಎದುರು ನಿಂತು, ಇನ್ನು ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ, ದೇವಾಲಯದಿಂದ ಒಯ್ದ ಪಾತ್ರೆಪಗಡಗಳೂ ಬರುತ್ತವೆ ಎಂದ. ಅದಕ್ಕೆ ಯೆರೆಮೀಯನ ಮೊದಲ ಮಾತು ಏನು ಗೊತ್ತೇ? 'ಆಮೆನ್, ಹಾಗೇ ಆಗಲಿ.' ಅವನಿಗೂ ಅದೇ ಬೇಕಿತ್ತು! ಬಾಬೆಲಿಗೆ ತಲೆಬಾಗಬೇಕೆಂಬುದರ ಗುರುತಾಗಿ ಅವನು ಕೊರಳಿಗೆ ಹಾಕಿಕೊಂಡಿದ್ದ ಮರದ ನೊಗವನ್ನು ಹನನ್ಯ ತೆಗೆದು ಮುರಿದಾಗಲೂ ಯೆರೆಮೀಯ ಜಗಳ ಆಡದೆ ಎದ್ದು ಹೋದ. ಮರದ ನೊಗದ ಜಾಗಕ್ಕೆ ಕಬ್ಬಿಣದ್ದು ಬರುತ್ತದೆ ಎಂಬ ಉತ್ತರ ಬಂದದ್ದು ಆಮೇಲೆ. ಐದನೆಯ ತಿಂಗಳಲ್ಲಿ ಪ್ರವಾದನೆ ಹೇಳಿದ ಹನನ್ಯ ಏಳನೆಯ ತಿಂಗಳಲ್ಲಿ ತೀರಿಕೊಂಡ.

ಬಾಬೆಲಿನಲ್ಲೂ ಇಂಥ ಮಾತುಗಾರರಿದ್ದರು. ಯೆರೆಮೀಯ ಅಲ್ಲಿಗೆ ಬರೆದ ಕಾಗದವೇ 29ನೆಯ ಅಧ್ಯಾಯ. ಎಲ್ಲಾಸ ಮತ್ತು ಗೆಮರ್ಯ ಎಂಬ ಇಬ್ಬರು ಅದನ್ನು ಹೊತ್ತುಕೊಂಡು ಹೋದರು. ಐದನೆಯ ವಚನದಿಂದ ಓದಿ. ಮನೆ ಕಟ್ಟಿ, ತೋಟ ಮಾಡಿ, ಫಲ ತಿನ್ನಿ, ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿಸಿ. ಬಾಬೆಲ್ ಅಂದರೆ ಖರ್ಜೂರದ ನಾಡು. ಖರ್ಜೂರದ ಕಂದು ನೆಟ್ಟರೂ ಫಲ ಹಿಡಿಯಲು ನಾಲ್ಕೈದು ವರ್ಷವಾದರೂ ಬೇಕು. ಎರಡು ವರ್ಷದಲ್ಲಿ ಊರಿಗೆ ಹೋಗುವವನು ಅದನ್ನು ಯಾಕೆ ನೆಡುತ್ತಾನೆ? ನಂಬಿದ್ದು ಯಾರನ್ನು ಅನ್ನುವುದು ಹಿತ್ತಲಲ್ಲೇ ಗೊತ್ತಾಗುತ್ತದೆ. ನೆಟ್ಟವರಿದ್ದರು ಎನ್ನಲು ಬೈಬಲಿನ ಹೊರಗೂ ಪುರಾವೆ ಇದೆ. 'ಯೆಹೂದದ ಊರು' ಎಂದೇ ಹೆಸರಾಗಿದ್ದ ಬಾಬೆಲಿನ ಒಂದು ಹಳ್ಳಿಯ ಮಣ್ಣಿನ ಫಲಕಗಳು ಸಿಕ್ಕಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಕ್ರಿ.ಪೂ. 572ರದು. ಅವುಗಳ ತುಂಬ ಬಾರ್ಲಿ, ಖರ್ಜೂರ, ಸಾಲ, ಗೇಣಿಯ ಲೆಕ್ಕ.

ಎಪ್ಪತ್ತನ್ನು ಎಲ್ಲಿಂದ ಎಲ್ಲಿಗೆ ಎಣಿಸಬೇಕೆಂದು ಪಂಡಿತರು ಇನ್ನೂ ಕಿತ್ತಾಡುತ್ತಾರೆ, ಬಿಡಿ. ಪಾರಸಿಯ ಅರಸ ಕೋರೆಷ ಬಾಬೆಲನ್ನು ಗೆದ್ದದ್ದು ಕ್ರಿ.ಪೂ. 539ರಲ್ಲಿ, ಮರಳಲು ಅಪ್ಪಣೆ ಸಿಕ್ಕಿದ್ದು ಮರುವರ್ಷ. 597ರಲ್ಲಿ ಮೂವತ್ತು ದಾಟಿದವನಿಗೆ ಆಗ ತೊಂಬತ್ತರ ಆಸುಪಾಸು. ಹನ್ನೊಂದನೆಯ ವಚನವನ್ನು ಮೊದಲು ಕಿವಿಯಾರೆ ಕೇಳಿದವರಲ್ಲಿ ಹೆಚ್ಚಿನವರು ಊರು ನೋಡದೆ ಅಲ್ಲೇ ಮಣ್ಣಾದರು. ಹಾಗಾದರೆ ವಾಗ್ದಾನ ಸುಳ್ಳಾಯಿತೇ? ಇಲ್ಲ. ಅದು ಒಬ್ಬೊಬ್ಬರ ಜಾತಕದಂತೆ ಕೊಟ್ಟದ್ದಲ್ಲ. ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ದೇವರನ್ನೂ ಅರಸನನ್ನೂ ಕರೆಯುವುದು 'ನೀನು' ಎಂದೇ. ಇಲ್ಲಿ 'ನಿಮಗೆ' ಎಂದಿದ್ದರೆ ಅದು ಮರ್ಯಾದೆಯಲ್ಲ, ಬಹುವಚನ. ಹೀಬ್ರೂ ಮೂಲದಲ್ಲೂ ಬಹುವಚನವೇ. ಮಾತು ಇಡೀ ಜನಾಂಗಕ್ಕೆ, ಮೊಮ್ಮಕ್ಕಳನ್ನೂ ಸೇರಿಸಿ.

ಇನ್ನೊಂದು ಸಂಗತಿ ಅನುವಾದದಲ್ಲಿ ಮರೆಯಾಗಿದೆ. ಏಳನೆಯ ವಚನದಲ್ಲಿ 'ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ' ಎನ್ನುವ ಕಡೆ ಬರುವ ಹೀಬ್ರೂ ಪದ 'ಶಾಲೋಮ್', ಅದೊಂದೇ ವಚನದಲ್ಲಿ ಮೂರು ಸಲ. ಹನ್ನೊಂದರಲ್ಲಿ ನಾವು 'ಹಿತ' ಎಂದು ಓದುವುದೂ ಅದೇ ಪದವನ್ನು. ಅಂದರೆ ನಮಗಿಟ್ಟ ಹಿತಕ್ಕೂ ನಮಗೆ ಹಿಡಿಸದ ಆ ಪರಊರಿನ ಕ್ಷೇಮಕ್ಕೂ ಗಂಟು ಬಿದ್ದಿದೆ. ವರ್ಗವಾಗಿ ಬಂದ ಊರಿನಲ್ಲಿ 'ಇಲ್ಲಿ ನಾನು ನಾಲ್ಕು ದಿನದವನು' ಎಂದು ಸಭೆಗೂ ಸೇರದೆ, ಪಕ್ಕದ ಮನೆಯವರ ಹೆಸರೂ ಕೇಳದೆ, ದೇವರ ಚಿತ್ತಕ್ಕಾಗಿ ಉಪವಾಸ ಕೂತವರು ಐದು, ಆರು, ಏಳನೆಯ ವಚನಗಳನ್ನು ಹಾರಿಸಿಬಿಟ್ಟಿದ್ದಾರೆ. ಚಿತ್ತ ಅಲ್ಲೇ ಬರೆದಿತ್ತು.

ಈಗ ಕೆಲಸದ ಮಾತು. ಯಾರಾದರೂ ಪ್ರವಾದನೆ ಹೇಳುವಾಗ ಅದರಲ್ಲಿ ಗಡುವು ಇದ್ದರೆ, 'ಆರು ತಿಂಗಳೊಳಗೆ ವೀಸಾ', 'ಈ ವರ್ಷವೇ ಮಗು', ನೋಟ್ ಪುಸ್ತಕ ತೆಗೆದು ಹೇಳಿದವರು ಯಾರು, ಯಾವ ದಿನ, ಮಾತು ಮಾತಿಗೆ ಏನು ಹೇಳಿದರು ಎಂದು ಬರೆದಿಡಿ. ಹಿತವನ್ನೇ ನುಡಿಯುವ ಪ್ರವಾದಿಯ ಮಾತು ನಡೆದ ಮೇಲೆ ಅವನು ನಿಜವೆಂದು ತಿಳಿಯುತ್ತದೆ ಅನ್ನುವುದು 28:9ರ ಅಳತೆಗೋಲು. ಅದು ನಡೆಯುವ ತನಕ ಆ ಮಾತನ್ನು ನೆಚ್ಚಿ ರಾಜೀನಾಮೆ ಕೊಡಬೇಡಿ, ಸಾಲ ಎತ್ತಬೇಡಿ, ಮಾತ್ರೆ ನಿಲ್ಲಿಸಬೇಡಿ. ಕಾದು ನೋಡಿದರೆ ಅಪನಂಬಿಕೆ ಅನ್ನುತ್ತಾರೆ. ಯೆರೆಮೀಯನೂ ಕಾದೇ ಮಾತಾಡಿದ್ದು.

ಸಾವಿನ ಮನೆಗೆ ಮಾತ್ರ ಈ ವಚನ ಒಯ್ಯಬೇಡಿ. 'ಇದರಲ್ಲೂ ದೇವರ ಉದ್ದೇಶ ಇದೆ' ಎಂಬ ಮಾತು ಆ ಹೊತ್ತಿಗೆ ಬಾಯಿ ಮುಚ್ಚಿಸುವ ಬಟ್ಟೆ. ಈ ಕಾಗದ ಬರೆದವನೇ 20ನೆಯ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನಕ್ಕೆ ಶಾಪ ಹಾಕಿದ್ದಾನೆ. ಅಡುಗೆ ಮಾಡಿ ಒಯ್ಯಿರಿ, ಹತ್ತಿರ ಕೂತು ಬನ್ನಿ.

ಇನ್ನು, ಹೀಗೆ ಬರೆದವನು ತಾನು ಏನು ಮಾಡಿದ? ಊರಿಗೆ ಮುತ್ತಿಗೆ ಬಿದ್ದು ತಾನೇ ಕಾವಲಿನಲ್ಲಿದ್ದಾಗ ತನ್ನ ಹುಟ್ಟೂರು ಅನಾತೋತಿನಲ್ಲಿ ಒಂದು ಹೊಲ ಕೊಂಡ. ಬೆಲೆ 17 ಶೆಕೆಲ್ ಬೆಳ್ಳಿ, ಹತ್ತಿರ ಹತ್ತಿರ 200 ಗ್ರಾಂ. ಸಾಕ್ಷಿಗಳ ಎದುರು ತಕ್ಕಡಿಯಲ್ಲಿ ತೂಗಿ ಕೊಟ್ಟ. ಮುದ್ರೆ ಹಾಕಿದ ಪತ್ರ ಒಂದು, ಮುಚ್ಚದ ಪತ್ರ ಒಂದು. ಎರಡನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಲು ತನ್ನ ಲಿಪಿಕಾರ ಬಾರೂಕನಿಗೆ ಹೇಳಿದ. ಆಮೇಲೆ ಯೆರೆಮೀಯನನ್ನು ಐಗುಪ್ತಕ್ಕೆ (ಈಜಿಪ್ಟಿಗೆ) ಕರೆದೊಯ್ದರು. ಆ ಹೊಲದಲ್ಲಿ ಅವನು ನೇಗಿಲು ಹೂಡಿದ ಸುದ್ದಿ ಪುಸ್ತಕದಲ್ಲಿ ಎಲ್ಲೂ ಇಲ್ಲ.