ಮೈಗೆ ಗೊತ್ತಾಗುವುದು ವೇಗವಲ್ಲ

ಕೇಳುಗರೆ, ನಮಸ್ಕಾರ.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೀರಿ ಅಂದುಕೊಳ್ಳಿ. ಬಸ್ಸು ಹೊರಟ ಕೂಡಲೇ ಮೈ ಹಿಂದಕ್ಕೆ ವಾಲುತ್ತದೆ. ಬ್ರೇಕ್ ಹಾಕಿದರೆ ಮುಂದಕ್ಕೆ ಮುಗ್ಗರಿಸುತ್ತೀರಿ. ನಡುವೆ, ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ? ಆರಾಮಾಗಿ ನಿಂತಿರುತ್ತೀರಿ. ಬಸ್ಸು ಜೋರಾಗಿ ಓಡುವುದು ಆಗಲೇ, ಅಲ್ವಾ? ಆದರೂ ಮೈಗೆ ಏನೂ ಗೊತ್ತಾಗುವುದಿಲ್ಲ.

ಇದು ನನಗೆ ಬಹಳ ಇಷ್ಟವಾದ ವಿಷಯ. ಬಲ ಬೇಕಾಗುವುದು ವೇಗಕ್ಕಲ್ಲ, ವೇಗ ಬದಲಾಗುವುದಕ್ಕೆ. ಆ ಬದಲಾವಣೆ ಎಷ್ಟು ಬೇಗ ಆಗುತ್ತದೆ ಅನ್ನುವುದೇ ವೇಗೋತ್ಕರ್ಷ. ಐಸಾಕ್ ನ್ಯೂಟನ್ 1687ರಲ್ಲಿ ಮುಂದಿಟ್ಟ ಚಲನೆಯ ಎರಡನೇ ನಿಯಮವನ್ನು ಇಂದು ಹೀಗೆ ಹೇಳುತ್ತೇವೆ: ದ್ರವ್ಯರಾಶಿಯನ್ನು, ಅಂದರೆ ವಸ್ತುವಿನಲ್ಲಿ ಎಷ್ಟು ದ್ರವ್ಯ ಇದೆ ಅನ್ನುವ ಅಳತೆಯನ್ನು, ವೇಗೋತ್ಕರ್ಷದಿಂದ ಗುಣಿಸಿದರೆ ಬಲ.

ಹಾಗಾದರೆ ಒಂದೇ ವೇಗದಲ್ಲಿ ಹೋಗುವ ಬಸ್ಸಿಗೆ ಎಂಜಿನ್ ಯಾಕೆ ಬೇಕು? ಒಳ್ಳೆಯ ಪ್ರಶ್ನೆ. ಗಾಳಿ ಮತ್ತು ಘರ್ಷಣೆ ಬಸ್ಸನ್ನು ಹಿಂದಕ್ಕೆ ಜಗ್ಗುತ್ತಲೇ ಇರುತ್ತವೆ. ಆ ಜಗ್ಗಾಟಕ್ಕೆ ಸರಿಸಮನಾಗಿ ಎಂಜಿನ್ ಮುಂದಕ್ಕೆ ತಳ್ಳುತ್ತದೆ. ಎರಡೂ ಸೇರಿ ಸೊನ್ನೆ.

ಇನ್ನು ದ್ರವ್ಯರಾಶಿ. ಖಾಲಿ ತಳ್ಳುಗಾಡಿ ಸುಮ್ನೆ ಕೈ ತಾಗಿಸಿದರೂ ಉರುಳುತ್ತದೆ. ಸಾಮಾನು ತುಂಬಿದ್ದು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಒಮ್ಮೆ ಹೊರಟಿತೋ, ನಿಲ್ಲಿಸುವುದೂ ಅಷ್ಟೇ ಕಷ್ಟ.

ಈಗ ಒಂದು ಕ್ರಿಕೆಟ್ ಚೆಂಡು ಹಿಡಿಯೋಣ. ತೂಕ 160 ಗ್ರಾಂ, ಬರುತ್ತಿರುವ ವೇಗ ಸೆಕೆಂಡಿಗೆ 20 ಮೀಟರ್. ಕೈಯನ್ನು ಬಿಗಿಯಾಗಿ ಒಡ್ಡಿದರೆ ಚೆಂಡು ಸುಮಾರು 5 ಸೆಂಟಿಮೀಟರಿನೊಳಗೆ ನಿಲ್ಲಬೇಕು. ಅದಕ್ಕೆ ಸಿಗುವ ಸಮಯ ಸೆಕೆಂಡಿನ 200ನೇ ಒಂದು ಭಾಗ. ಬಲವನ್ನು ಅಳೆಯುವ ಮಾನಕ್ಕೂ ನ್ಯೂಟನ್ ಅಂತಲೇ ಹೆಸರು. ಲೆಕ್ಕ ಹಾಕಿದರೆ ಸರಾಸರಿ ಬಲ 640 ನ್ಯೂಟನ್, ಅಂದರೆ ಅಂಗೈ ಮೇಲೆ 65 ಕಿಲೋ ಹೇರಿದ ಹಾಗೆ! ಅದೇ ಚೆಂಡಿನ ಜೊತೆ ಕೈಯನ್ನೂ ಅರ್ಧ ಮೀಟರ್ ಹಿಂದಕ್ಕೆ ತನ್ನಿ. ಸಮಯ ಹತ್ತು ಪಟ್ಟು ಜಾಸ್ತಿಯಾಯಿತು, ಬಲ 64 ನ್ಯೂಟನ್‌ಗೆ ಇಳಿಯಿತು. ಚೆಂಡು ಅದೇ, ವೇಗವೂ ಅದೇ. ನಿಲ್ಲಲು ಸಿಕ್ಕ ಸಮಯ ಮಾತ್ರ ಬೇರೆ. ಹೆಲ್ಮೆಟ್‌ನ ಒಳಗಿನ ಮೆತ್ತೆ ಮಾಡುವುದೂ ಇದೇ ಕೆಲಸ. ಏಟು ಬಿದ್ದಾಗ ಅದು ತಾನು ಕುಗ್ಗಿ, ತಲೆ ನಿಲ್ಲುವುದಕ್ಕೆ ಒಂದಿಷ್ಟು ಹೆಚ್ಚು ಸಮಯ ಕೊಡುತ್ತದೆ. ಆ ಚೂರು ಸಮಯ ಜೀವ ಉಳಿಸಬಲ್ಲದು. ದಯವಿಟ್ಟು ಪಟ್ಟಿ ಬಿಗಿದೇ ಹಾಕಿಕೊಳ್ಳಿ.

ಕೊನೆಗೆ ಒಂದು ಪ್ರಯೋಗ. ತೂಕದ ಯಂತ್ರವನ್ನು ಲಿಫ್ಟಿನಲ್ಲಿಟ್ಟು ಅದರ ಮೇಲೆ ನಿಲ್ಲಿ. ನಿಮ್ಮ ತೂಕ 60 ಕಿಲೋ ಅನ್ನಿ. ಲಿಫ್ಟ್ ಮೇಲಕ್ಕೆ ಹೊರಡುವಾಗ ಮುಳ್ಳು 60 ದಾಟುತ್ತದೆ. ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 1 ಮೀಟರಿನಷ್ಟು ಏರುತ್ತಿದ್ದರೆ 66ರ ಹತ್ತಿರ ತೋರಿಸುತ್ತದೆ. ನಿಮ್ಮನ್ನು ಹೊರುವುದರ ಜೊತೆಗೆ ಮೇಲಕ್ಕೆ ತಳ್ಳುವ ಕೆಲಸವೂ ಅದಕ್ಕೆ ಬಿದ್ದಿದೆ, ನೋಡಿ. ಸ್ವಲ್ಪ ಹೊತ್ತಿಗೆ ವೇಗ ಒಂದೇ ಸಮ ಆಗುತ್ತದೆ. ಲಿಫ್ಟ್ ಇನ್ನೂ ಏರುತ್ತಲೇ ಇರುತ್ತದೆ, ಮುಳ್ಳು ಮಾತ್ರ ಮತ್ತೆ 60ಕ್ಕೆ ಬಂದು ನಿಂತಿರುತ್ತದೆ.

ನಮಸ್ಕಾರ.